‘ವಿಷಾದ’ ಎಲ್ಲಿ ಸಲ್ಲುತ್ತದೆ, ‘ಕ್ಷಮೆ’ ಎಲ್ಲಿ ಬೇಕು

ಪ್ರಕಟಣೆಯ ಕೊನೆಗೆ ‘ವಿಷಾದಿಸುತ್ತೇವೆ’ ಎಂದು ಸೇರಿಸುವ ಮುನ್ನ ಕೇಳಿಕೊಳ್ಳಿ: ಆದದ್ದು ನಮ್ಮ ತಪ್ಪೇ? ವಿಷಾದವೆಂದರೆ ಖೇದ, ಮನಸ್ಸು ಕುಗ್ಗುವುದು. ಗೀತೆಯ ಮೊದಲ ಅಧ್ಯಾಯ ಅರ್ಜುನವಿಷಾದಯೋಗ; ಅಲ್ಲಿ ಅರ್ಜುನ ಬಿಲ್ಲು ಬಿಟ್ಟು ಕುಸಿದು ಕೂರುತ್ತಾನೆಯೇ ಹೊರತು ಯಾರ ಕ್ಷಮೆಯನ್ನೂ ಬೇಡುವುದಿಲ್ಲ. ವಿಷಾದದಲ್ಲಿ ನೋವಿದೆ, ತಪ್ಪೊಪ್ಪಿಗೆ ಇರಲೇಬೇಕೆಂದಿಲ್ಲ.

ರಾಜಕಾರಣಿಗಳಿಗೆ ಇದು ಚೆನ್ನಾಗಿ ಗೊತ್ತು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ, 2019ರ ಏಪ್ರಿಲ್‌ನಲ್ಲಿ, ಬ್ರಿಟನ್ ಪ್ರಧಾನಿ ತೆರೆಸಾ ಮೇ ಸಂಸತ್ತಿನಲ್ಲಿ ತೀವ್ರ ವಿಷಾದ ವ್ಯಕ್ತಪಡಿಸಿದರು, ಕ್ಷಮೆ ಕೇಳಲಿಲ್ಲ. ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಸ್ಪಷ್ಟ ಕ್ಷಮೆಯಾಚನೆಯೇ ಬೇಕೆಂದರು.

ವಾಕ್ಯ ಕಟ್ಟುವಾಗ ವಿಷಾದಕ್ಕೆ ಕಾರಣವೊಂದಿದ್ದರೆ ಸಾಕು: ‘ವಿಳಂಬಕ್ಕೆ ವಿಷಾದಿಸುತ್ತೇವೆ’. ಕ್ಷಮೆಗೆ ಅದನ್ನು ಕೊಡುವವರೂ ಬೇಕು: ‘ವಿಳಂಬಕ್ಕಾಗಿ ಗ್ರಾಹಕರ ಕ್ಷಮೆ ಕೋರುತ್ತೇವೆ’. ಎರಡನ್ನೂ ಬೆರೆಸಿ ‘ವಿಷಾದ ಕೋರುತ್ತೇವೆ’ ಎಂದು ಬರೆಯುವವರಿದ್ದಾರೆ. ವಿಷಾದವನ್ನು ಯಾರಿಂದಲೂ ಕೋರಲಾಗದು, ಪಡಬೇಕು ಅಥವಾ ವ್ಯಕ್ತಪಡಿಸಬೇಕು. ‘ವಿಷಾದಿಸಲಾಗಿದೆ’ ಇನ್ನೂ ಕೆಟ್ಟದ್ದು. ಯಾರು ವಿಷಾದಿಸಿದರು ಎಂಬುದೇ ಮಾಯ.

ನೀರಿನ ಪ್ರಕಟಣೆಯೊಂದನ್ನು ನೋಡಿ: ‘ಪೈಪ್ ದುರಸ್ತಿಯಿಂದಾಗಿ ಗುರುವಾರ ಬೆಳಗ್ಗೆ 6ರಿಂದ ಸಂಜೆ 4ರವರೆಗೆ ನೀರು ಬರುವುದಿಲ್ಲ. ಬುಧವಾರವೇ ತುಂಬಿಸಿಟ್ಟುಕೊಳ್ಳಿ. ತೊಂದರೆಗೆ ವಿಷಾದಿಸುತ್ತೇವೆ.’ ಇಲ್ಲಿ ವಿಷಾದ ಸರಿಯಾಗಿದೆ, ದುರಸ್ತಿ ಅನಿವಾರ್ಯ. ಅದೇ, ಬಿಲ್ಲಿನಲ್ಲಿ 450 ರೂಪಾಯಿ ಬದಲು 4,500 ಎಂದು ಮುದ್ರಿಸಿದ್ದರೆ ವಿಷಾದ ಸಾಲದು. ತಪ್ಪು ಮೊತ್ತ, ಸರಿ ಮೊತ್ತ, ಯಾವಾಗ ಸರಿಪಡಿಸುತ್ತೀರಿ ಎಂಬುದನ್ನು ಮೊದಲು ಹೇಳಿ, ಆಮೇಲೆ ಕ್ಷಮೆ ಕೇಳಿ. ‘ತೊಂದರೆ ಆಗಿದ್ದಲ್ಲಿ’ ಎಂಬ ‘ಅಲ್ಲಿ’ ಕೈಬಿಡಿ, ತೊಂದರೆ ಆಗಿದೆ.

ಸಾವಿನ ಮನೆಗೆ ಕಳಿಸುವ ಪತ್ರದಲ್ಲಿ ‘ಸಂತಾಪ’ ಬರೆಯಿರಿ. ತಾನೇ ಮಾಡಿದ್ದಕ್ಕೆ ಆಮೇಲೆ ಒಳಗೊಳಗೇ ಬೇಯುವುದು ‘ಪಶ್ಚಾತ್ತಾಪ’. ಇದರಲ್ಲಿ ತಕಾರಕ್ಕೆ ಒತ್ತು ಬೇಕು, ‘ಪಶ್ಚಾತಾಪ’ ತಪ್ಪು. ‘ವಿಶಾದ’, ‘ವಿಷಾಧ’ ಎರಡೂ ತಪ್ಪು.

ಮಾತಿಗೆ ಈ ಪದ ಒಗ್ಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರ ಕಾಲು ತುಳಿದು ‘ವಿಷಾದಿಸುತ್ತೇನೆ’ ಎಂದರೆ ನಗುತ್ತಾರೆ. ‘ಸಾರಿ’ ಸಾಕು, ಹಿರಿಯರ ಮುಂದೆ ನಿಜವಾಗಿ ತಪ್ಪಿದ್ದರೆ ‘ತಪ್ಪಾಯ್ತು, ಬೇಜಾರು ಮಾಡ್ಕೋಬೇಡಿ’ ಅನ್ನಿ.