ಔಟ್‌ಬೋರ್ಡ್ ಮೋಟಾರು ಬಿಸಿಯೇರಿದಾಗ ನೀರಿನ ದಾರಿ ಹಿಡಿದು ದೋಷ ಹುಡುಕುವುದು

ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಮೋಟಾರಿಗೆ ಕಾರಿನಲ್ಲಿರುವಂತೆ ರೇಡಿಯೇಟರ್ ಇರುವುದಿಲ್ಲ. ಗಾಳಿಯಿಂದಲೇ ತಣಿಯುವ ಕೆಲವು ಪುಟ್ಟ ಮಾದರಿಗಳನ್ನು ಬಿಟ್ಟರೆ, ಉಳಿದವೆಲ್ಲ ತಾವು ನಿಂತ ನೀರನ್ನೇ ಹೀರಿಕೊಂಡು ತಣ್ಣಗಾಗುತ್ತವೆ. ಮೋಟಾರಿನ ಕೆಳತುದಿಯಲ್ಲಿರುವ ಜಾಲರಿಯಿಂದ ನೀರು ಒಳಗೆ ಬರುತ್ತದೆ. ಅದರ ಮೇಲಿರುವ ಪಂಪಿನ ರಬ್ಬರ್ ಇಂಪೆಲ್ಲರ್, ಅಂದರೆ ರೆಕ್ಕೆಗಳುಳ್ಳ ತಿರುಗುವ ಚಕ್ರ, ಆ ನೀರನ್ನು ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ನೀರು ಸಿಲಿಂಡರಿನ ಸುತ್ತ ಹರಿದು, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಕವಾಟ) ದಾಟಿ, ಹೊಗೆಯೊಂದಿಗೆ ಕೆಳಗಿನಿಂದ ಹೊರಹೋಗುತ್ತದೆ. ಸ್ವಲ್ಪ ನೀರು ಮಾತ್ರ ಟೆಲ್‌ಟೇಲ್ ಎನ್ನುವ ಸಣ್ಣ ತೂತಿನಿಂದ ಹೊರಗೆ ಚಿಮ್ಮುತ್ತದೆ. ಮೋಟಾರು ಅತಿಯಾಗಿ ಬಿಸಿಯಾದರೆ ಈ ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದೇ ಮೊದಲು ಭಾವಿಸಬೇಕು. ಕೆಳಗಿನಿಂದ ಮೇಲಕ್ಕೆ, ನೀರು ಹೋಗುವ ಕ್ರಮದಲ್ಲಿಯೇ ಪರೀಕ್ಷಿಸುತ್ತ ಹೋದರೆ ಎಂಜಿನ್ ಬಿಚ್ಚುವ ಪ್ರಮೇಯ ಬಹಳ ಸಲ ಬರುವುದೇ ಇಲ್ಲ.

ಮಂಗಳೂರು, ಮಲ್ಪೆಯ ಕಡೆ ಮೋಟಾರಿನ ಶತ್ರು ಉಪ್ಪು. ಬೆಂಗಳೂರಿನಲ್ಲಿ ಹಾಗಲ್ಲ. ಇಲ್ಲಿ ಕಳೆ ತೆಗೆಯುವ ದೋಣಿಗೂ ವಿಹಾರದ ದೋಣಿಗೂ ಅಡ್ಡಬರುವುದು ಅಂತರಗಂಗೆಯ ಬೇರು, ಹೂಳು ಮತ್ತು ಪ್ಲಾಸ್ಟಿಕ್. ಇವಕ್ಕಿಂತ ದೊಡ್ಡ ಶತ್ರು ಬಳಕೆಯಿಲ್ಲದೆ ಕಳೆಯುವ ತಿಂಗಳುಗಳು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ನೆರೆ ನುಗ್ಗಿದಾಗ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಅಂಥ ದಿನಕ್ಕೆಂದು ಇಟ್ಟ ಮೋಟಾರು ವರ್ಷವಿಡೀ ಮೂಲೆಯಲ್ಲಿ ನಿಂತರೆ, ಇಂಪೆಲ್ಲರಿನ ರಬ್ಬರ್ ರೆಕ್ಕೆಗಳು ಬಾಗಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತವೆ ಮತ್ತು ಬೇಕಾದ ಹೊತ್ತಿಗೆ ನೀರು ಎತ್ತುವುದಿಲ್ಲ.

ನೀರಿನ ಮೇಲಿರುವಾಗಲೇ ಎಚ್ಚರಿಕೆಯ ಬಜರ್ ಕೂಗಿದರೆ, ಅಥವಾ ಬಜರ್ ಇಲ್ಲದ ಸಣ್ಣ ಮೋಟಾರಿನಲ್ಲಿ ಬಣ್ಣ ಸುಟ್ಟ ವಾಸನೆ, ಹಬೆ ಕಂಡರೆ, ತಕ್ಷಣ ವೇಗ ಇಳಿಸಿ ನ್ಯೂಟ್ರಲ್‌ಗೆ ತನ್ನಿ. ಟೆಲ್‌ಟೇಲ್‌ನಿಂದ ನೀರು ಬರುತ್ತಿಲ್ಲವಾದರೆ ಮೋಟಾರು ನಿಲ್ಲಿಸಿ. ಎಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ದಾರ ಕಿತ್ತ ಮೇಲೆಯೇ ಮೋಟಾರನ್ನು ಮೇಲಕ್ಕೆ ವಾಲಿಸಿ, ಕೆಳಗಿನ ಜಾಲರಿ ನೋಡಿ. ಕಾದ ಸಿಲಿಂಡರ್ ಹೆಡ್ಡಿನ ಮೇಲೆ ತಣ್ಣೀರು ಸುರಿಯಬಾರದು. ಹೆಡ್ ಡೊಂಕಾಗಬಹುದು, ಬಿರುಕೂ ಬಿಡಬಹುದು. ಅರ್ಧ ಗಂಟೆ ಬೇಕಾದರೂ ತಾನಾಗಿ ಆರಲಿ.

ಇಲ್ಲಿ ಒಂದು ಅನುಭವ ಹೇಳಬೇಕು. ಕೆರೆ ಸ್ವಚ್ಛಗೊಳಿಸುವ ತಂಡದ ದೋಣಿಯೊಂದರಲ್ಲಿ ಮೋಟಾರು ಹತ್ತು ನಿಮಿಷಕ್ಕೊಮ್ಮೆ ಬಿಸಿಯಾಗುತ್ತಿತ್ತು. ನಿಲ್ಲಿಸಿ ನೋಡಿದರೆ ಜಾಲರಿ ಶುಭ್ರ. ಮತ್ತೆ ಚಾಲೂ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗಿ ಓಡಿ ಮತ್ತದೇ ಕಥೆ. ಪಂಪು, ಥರ್ಮೋಸ್ಟಾಟ್ ಎರಡನ್ನೂ ಬಿಚ್ಚಿ ನೋಡಿಯಾಯಿತು, ದೋಷ ಸಿಗಲಿಲ್ಲ. ಕೊನೆಗೆ ಜಾಲರಿಯ ಪಕ್ಕದ ಬೋಲ್ಟಿಗೆ ಒಂದು ಮೂಲೆ ಸಿಕ್ಕಿಕೊಂಡಿದ್ದ, ಕೆಸರಿನ ಬಣ್ಣಕ್ಕೇ ತಿರುಗಿದ್ದ ಹಾಲಿನ ಕವರಿನ ತುಂಡೊಂದು ಕಂಡಿತು. ಪಂಪು ಹೀರುವಾಗ ಅದು ಜಾಲರಿಗೆ ಅಂಟಿಕೊಳ್ಳುತ್ತಿತ್ತು, ನಿಲ್ಲಿಸಿದೊಡನೆ ಸಡಿಲವಾಗಿ ಹಿಂದೆ ಸರಿಯುತ್ತಿತ್ತು. ಆದ್ದರಿಂದ ಜಾಲರಿಯನ್ನು ಕಣ್ಣಿನಿಂದ ನೋಡಿದರೆ ಸಾಲದು, ಸುತ್ತಲೂ ಕೈಯಾಡಿಸಬೇಕು. ನಮ್ಮ ಅನೇಕ ಕೆರೆಗಳಿಗೆ ಚರಂಡಿ ನೀರು ಸೇರುವುದರಿಂದ ಕೈಗವಸು ಹಾಕಿಕೊಳ್ಳುವುದನ್ನು ದಯವಿಟ್ಟು ಮರೆಯಬೇಡಿ.

ಜಾಲರಿ ಸ್ವಚ್ಛವಾಗಿದ್ದೂ ಟೆಲ್‌ಟೇಲ್ ಒಣಗಿದ್ದರೆ ಪಂಪನ್ನು ದೂರುವ ಮೊದಲು ಆ ತೂತನ್ನೇ ಪರೀಕ್ಷಿಸಿ. ಷೆಡ್ಡಿನಲ್ಲಿ ನಿಂತ ಮೋಟಾರಿನ ತೂತಿನೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರುವುದುಂಟು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ತುಂಡನ್ನು ಒಳಗೆ ಮೆಲ್ಲನೆ ಆಡಿಸಿದರೆ ಕಸ ಸಡಿಲವಾಗುತ್ತದೆ.

ಇನ್ನು ಲಕ್ಷಣಗಳನ್ನು ಓದುವ ಬಗೆ. ನೀರಿನ ಧಾರೆ ನಿಧಾನಗತಿಯಲ್ಲಿ ಸಣ್ಣಗಿದ್ದು, ವೇಗ ಹೆಚ್ಚಿಸಿದಾಗ ಚೇತರಿಸಿಕೊಂಡರೆ ಇಂಪೆಲ್ಲರ್ ಸವೆದಿದೆ ಎಂದು ಶಂಕಿಸಬಹುದು. ನಿಧಾನದಲ್ಲಿ ಸರಿಯಿದ್ದು ಪೂರ್ಣ ವೇಗದಲ್ಲಿ ಮಾತ್ರ ಬಿಸಿಯಾದರೆ ನೀರಿನ ಪ್ರಮಾಣ ಸಾಲುತ್ತಿಲ್ಲ: ಜಾಲರಿ ಅರ್ಧ ಮುಚ್ಚಿರಬಹುದು, ಪಂಪಿನ ಒಳಗೋಡೆ ಸವೆದಿರಬಹುದು ಅಥವಾ ಮೋಟಾರನ್ನು ತೀರ ಎತ್ತರದಲ್ಲಿ ಬಿಗಿದದ್ದರಿಂದ ಜಾಲರಿ ನೀರಿನ ಬದಲು ಗಾಳಿ ಹೀರುತ್ತಿರಬಹುದು. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ಪಟ್ಟಿ ದೋಣಿಯ ತಳಕ್ಕೆ ಸಮನಾಗಿ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ಧಾರೆ ಜೋರಾಗಿಯೇ ಇದ್ದು ಎಂಜಿನ್ ಮಾತ್ರ ಕಾಯುತ್ತಿದ್ದರೆ ಥರ್ಮೋಸ್ಟಾಟ್ ಅಥವಾ ಒಳಗಿನ ನೀರಿನ ಕಾಲುವೆಗಳ ಕಡೆ ತಿರುಗಿ. ಹಲವು ಮೋಟಾರುಗಳಲ್ಲಿ ಟೆಲ್‌ಟೇಲ್‌ಗೆ ನೀರು ಕವಲೊಡೆಯುವುದು ಥರ್ಮೋಸ್ಟಾಟ್‌ಗಿಂತ ಮೊದಲೇ ಆದ್ದರಿಂದ, ಆ ಧಾರೆ ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಎಂಜಿನ್ ತಣ್ಣಗಿದೆ ಎಂಬುದಕ್ಕಲ್ಲ.

ಇಂಪೆಲ್ಲರ್ ಬದಲಿಸುವುದು ಸಾಮಾನ್ಯ ಸ್ಪಾನರ್ ಸೆಟ್ಟಿನಿಂದ ಆಗುವ ಕೆಲಸ. ಆದರೆ ಅವಸರ ಕೂಡದು. ಮೊದಲು ಬ್ಯಾಟರಿ ಸಂಪರ್ಕ ತೆಗೆದು, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಿ. ಗೇರನ್ನು ಮೋಟಾರಿನ ಕೈಪಿಡಿ ಹೇಳುವ ಸ್ಥಾನದಲ್ಲಿಟ್ಟು ಗೇರಿನ ಕಡ್ಡಿಯನ್ನು ಬಿಡಿಸಿ. ಬಳಿಕ ಕೆಳಭಾಗವನ್ನು ಹಿಡಿದಿರುವ ಬೋಲ್ಟುಗಳನ್ನು ಬಿಚ್ಚಬೇಕು. ಕೆಲವು ಮಾದರಿಗಳಲ್ಲಿ ಒಂದು ಬೋಲ್ಟು ಚಪ್ಪಟೆ ಪಟ್ಟಿಯ ಕೆಳಗಿನ ಸಣ್ಣ ರೆಕ್ಕೆಯ ಹಿಂದೆ ಅಡಗಿರುತ್ತದೆ, ಅದನ್ನು ಕಾಣದೆ ಸುತ್ತಿಗೆಯಿಂದ ಬಡಿದು ಅಲ್ಯೂಮಿನಿಯಂ ಒಡೆದವರಿದ್ದಾರೆ. ಕೆಳಭಾಗ ಇಳಿದು ಬಂದರೆ ಪಂಪಿನ ಕವಚ ಎದುರಿಗೇ ಕಾಣುತ್ತದೆ.

ಕವಚ ತೆಗೆದು ಹಳೆಯ ಇಂಪೆಲ್ಲರನ್ನು ಕೈಗೆತ್ತಿಕೊಳ್ಳಿ. ಒಳ್ಳೆಯ ರೆಕ್ಕೆ ಬೆರಳಿನಿಂದ ಬಾಗಿಸಿ ಬಿಟ್ಟರೆ ನೆಟ್ಟಗಾಗುತ್ತದೆ. ಕೆಟ್ಟದ್ದು ಬಾಗಿಯೇ ಉಳಿಯುತ್ತದೆ, ಬುಡದಲ್ಲಿ ಕೂದಲೆಳೆಯಂಥ ಸೀಳು ಕಾಣುತ್ತದೆ, ತುದಿ ಸುಟ್ಟು ಹೊಳೆಯುತ್ತಿರುತ್ತದೆ. ರೆಕ್ಕೆಗಳನ್ನು ಎಣಿಸಿ. ಒಂದು ತುಂಡು ಕಾಣೆಯಾಗಿದ್ದರೂ ಅದು ಸಿಗುವ ತನಕ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ, ಏಕೆಂದರೆ ಅದು ಮೇಲಿನ ಕೊಳವೆಯಲ್ಲೋ ಎಂಜಿನ್ನಿನ ಕಾಲುವೆಯಲ್ಲೋ ಕುಳಿತು ಹೊಸ ಇಂಪೆಲ್ಲರನ್ನೂ ವ್ಯರ್ಥ ಮಾಡುತ್ತದೆ. ಕವಚದ ಒಳಗೋಡೆಯಲ್ಲಿ, ಕೆಳಗಿನ ತಟ್ಟೆಯಲ್ಲಿ ಉಗುರಿಗೆ ತಾಗುವಷ್ಟು ಗೀರುಗಳಿದ್ದರೆ ಅವನ್ನೂ ಬದಲಿಸಿ. ಹೂಳಿನ ಕೆರೆಗಳಲ್ಲಿ ಮರಳು ಈ ಗೀರುಗಳನ್ನು ಬೇಗ ತರುತ್ತದೆ.

ಹೊಸ ಇಂಪೆಲ್ಲರನ್ನು ಮೋಟಾರಿನ ಪಾರ್ಟ್ ನಂಬರು ಕೊಟ್ಟೇ ತರಿಸಿಕೊಳ್ಳಿ. ಜೆ.ಸಿ. ರಸ್ತೆಯಲ್ಲಿ ಹಾಳೆಯಿಂದ ಗ್ಯಾಸ್ಕೆಟ್ ಕತ್ತರಿಸಿಕೊಡುವವರು ಸಿಗಬಹುದು, ಆದರೆ ಅಳತೆಗೆ ಹತ್ತಿರವಿರುವ ಬೇರಾವುದೋ ಪಂಪಿನ ಇಂಪೆಲ್ಲರ್ ಹಾಕುವುದು ನನ್ನ ಮಟ್ಟಿಗೆ ಒಪ್ಪಲಾಗದ ಕೆಲಸ. ಸಣ್ಣ ಲೋಹದ ಕೀಲಿಯನ್ನು ಶಾಫ್ಟಿನ ಕಚ್ಚಿನಲ್ಲಿ ಕೂರಿಸಿ, ಇಂಪೆಲ್ಲರಿಗೆ ಸೋಪಿನ ನೀರು ಸವರಿ, ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತ ಕವಚವನ್ನು ಒತ್ತಿದರೆ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಕೆಳಭಾಗವನ್ನು ಮತ್ತೆ ಏರಿಸುವಾಗ ನೀರಿನ ಕೊಳವೆಯು ಪಂಪಿನ ರಬ್ಬರ್ ಬಾಯಿಗೆ ನೇರ ಇಳಿಯಿತೇ ಎಂದು ಟಾರ್ಚ್ ಹಿಡಿದು ನೋಡಿ. ಎಲ್ಲ ಸರಿ ಜೋಡಿಸಿಯೂ ನೀರು ಬಾರದಿದ್ದರೆ ತಪ್ಪು ಬಹುಮಟ್ಟಿಗೆ ಇಲ್ಲೇ ಆಗಿರುತ್ತದೆ.

ಥರ್ಮೋಸ್ಟಾಟ್ ಪರೀಕ್ಷೆ ಸುಲಭ. ಅದನ್ನು ದಾರದಲ್ಲಿ ಕಟ್ಟಿ, ಅಡುಗೆಗೆ ಬಳಸದ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಕಾಯಿಸಿ. ಬಹುತೇಕ ಔಟ್‌ಬೋರ್ಡ್‌ಗಳಲ್ಲಿ ಅದು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಾಯಿಬಿಡಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಷ್ಟಾದರೂ ತೆರೆಯದಿದ್ದರೆ ಬಿಸಾಡಿ ಹೊಸದು ಹಾಕಿ. ಥರ್ಮೋಸ್ಟಾಟ್ ತೆಗೆದುಹಾಕಿಯೇ ಓಡಿಸುವ ರೂಢಿ ಒಳ್ಳೆಯದಲ್ಲ, ಎಂಜಿನ್ ಸದಾ ಅರೆತಣ್ಣಗಿದ್ದು ಪ್ಲಗ್ಗಿಗೆ ಮಸಿ ಹಿಡಿಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಬಿಸಿಯಾದರೆ ಒಳಗಿನ ಕಾಲುವೆಗಳಲ್ಲಿ ಸುಣ್ಣದ ಪದರ ಕಟ್ಟಿರಬಹುದು. ನಗರದ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ತೊಳೆಯಲೆಂದು ಅದೇ ನೀರಿನಲ್ಲಿ ವರ್ಷಗಟ್ಟಲೆ ಓಡಿಸಿದ ಮೋಟಾರಿನಲ್ಲಿ ಗೀಸರಿನಂತೆಯೇ ಪದರ ಬೆಳೆಯುತ್ತದೆ. ಕಾವೇರಿ ನೀರೋ ಮಳೆನೀರೋ ಸಿಕ್ಕರೆ ಅದನ್ನೇ ಬಳಸಿ. ಡ್ರಮ್ಮಿನಲ್ಲಿಟ್ಟು ಓಡಿಸುವಾಗ ನೀರು ಪಂಪಿಗಿಂತ ಮೇಲಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಪ್ರೊಪೆಲ್ಲರ್ ತೆಗೆದಿರಿ, ಜಾಗ ಬಯಲಾಗಿರಲಿ. ನೀರಿಲ್ಲದೆ ಒಂದು ಕ್ಷಣವೂ ಚಾಲೂ ಮಾಡಬಾರದು. ಒಣ ಪಂಪಿನಲ್ಲಿ ಇಂಪೆಲ್ಲರ್ ಕೆಲವೇ ಸೆಕೆಂಡುಗಳಲ್ಲಿ ಹಾಳಾಗುತ್ತದೆ. ಎರಡು ಸ್ಟ್ರೋಕಿನ ಮೋಟಾರಾದರೆ ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಅನುಪಾತವನ್ನೂ ಕೈಪಿಡಿಗೆ ಹೋಲಿಸಿ ನೋಡಿ. ಹೆಡ್ ಗ್ಯಾಸ್ಕೆಟ್ ಒಡೆದ ಅನುಮಾನವಿದ್ದರೆ ಮಾತ್ರ ಅನುಭವಿ ಮೆಕ್ಯಾನಿಕ್ ಕೈಗೆ ಒಪ್ಪಿಸಿ.

ದುರಸ್ತಿಯಾದ ಮೇಲೆ ದಡದ ಹತ್ತಿರವೇ ಹತ್ತು ನಿಮಿಷ ಅರ್ಧ ವೇಗದಲ್ಲಿ ಓಡಿಸಿ, ಥರ್ಮಾಮೀಟರ್ ಗನ್ನಿನಿಂದ ಸಿಲಿಂಡರ್ ಹೆಡ್ಡಿನ ಬಿಸಿ ಅಳೆದು, ಆ ಅಂಕಿಯನ್ನೂ ಇಂಪೆಲ್ಲರ್ ಹಾಕಿದ ದಿನಾಂಕವನ್ನೂ ಮೋಟಾರಿನ ಮುಚ್ಚಳದ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಡಿ. ನೆರೆಯ ಕೆಲಸಕ್ಕೆಂದು ಇಟ್ಟ ಮೋಟಾರಾದರೆ ಪ್ರತಿ ಮುಂಗಾರಿನ ಮೊದಲು, ಅಂದರೆ ಮೇ ತಿಂಗಳಲ್ಲಿ, ಇಂಪೆಲ್ಲರ್ ಬದಲಿಸಿ, ಉಳಿದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಡ್ರಮ್ಮಿನಲ್ಲಿಟ್ಟು ಹತ್ತು ನಿಮಿಷ ಓಡಿಸಿ.