ಇಡೀ ಗ್ರಾಮರ್ ಬಿಟ್ಟೆ, ನಾಲ್ಕು ತಪ್ಪು ಹಿಡಿದೆ

ಇಂಟರ್‌ವ್ಯೂಗೆ ಇಡೀ ಇಂಗ್ಲಿಷ್ ಗ್ರಾಮರ್ ಬೇಕಿಲ್ಲ ಅಂದಾಗ ಜೊತೆಯವರು ನಕ್ಕಿದ್ದರು. ಈಗ ಸಂಬಳ ಹೆಚ್ಚುಕಡಿಮೆ 30 ಪರ್ಸೆಂಟ್ ಜಾಸ್ತಿ ಇರುವ ಕೆಲಸ ಸಿಕ್ಕಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ದುಡ್ಡು ಚೆನ್ನಾಗಿಯೇ ಹೋಯಿತು. ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸುಮಾರು ಒಂದು ತಿಂಗಳ ಸಂಬಳ ಸುರಿದೆ. 12 ಟೆನ್ಸ್‌ಗಳ ಚಾರ್ಟ್ ಬಾಯಿಪಾಠ ಆಯಿತು, ಟೆಸ್ಟ್‌ನಲ್ಲಿ ಮಾರ್ಕ್ಸೂ ಬಂತು. ಇಂಟರ್‌ವ್ಯೂನಲ್ಲಿ ಬಾಯಿ ತೆರೆದರೆ ಮತ್ತದೇ 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್'! ಆಮೇಲೆ ಉತ್ತರಗಳನ್ನೆಲ್ಲ ಬರೆದು ಉರು ಹೊಡೆದೆ. ಅದು ಇನ್ನೂ ಕೆಟ್ಟಿತು. ನಡುವೆ ಒಂದು ಪ್ರಶ್ನೆ ಬಂದರೆ ಸಾಕು, ಮುಂದಿನ ಸಾಲೇ ಮಾಯ.

ಕೊನೆಗೆ ನನ್ನ ಉತ್ತರಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾತಾಡಿದ ಹಾಗೇ ಕೈಯಲ್ಲಿ ಬರೆದುಕೊಂಡೆ. ವಾಯ್ಸ್ ಟೈಪಿಂಗನ್ನೂ ನೋಡಿದೆ. ಅದು ಕೆಲವು ತಪ್ಪುಗಳನ್ನು ತಾನೇ ತಿದ್ದಿಬಿಡುತ್ತಿತ್ತು. ನನಗೆ ಬೇಕಿದ್ದದ್ದೇ ತಪ್ಪು, ಅಲ್ವಾ?

ಹಾಗೆ ಬರೆದಾಗ ಗೊತ್ತಾಯಿತು, ಮುಕ್ಕಾಲು ಪಾಲು ತಪ್ಪು ನಾಲ್ಕೇ ಕಡೆ. ಈಗಲೂ ಮಾಡುತ್ತಿರುವ ಕೆಲಸಕ್ಕೆ 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್'. ಶುರುವಾದ ಇಸವಿ ಹೇಳುವಾಗ 'ಸಿನ್ಸ್ 2021'. 'ಐ ವರ್ಕ್ಡ್' ಅಂದರೆ ಆ ಕೆಲಸ ಬಿಟ್ಟ ಹಾಗೆ ಕೇಳಿಸುತ್ತದೆ, ಆಮೇಲೆ ಅದಕ್ಕೇ ಹತ್ತು ಪ್ರಶ್ನೆ. ಇನ್ನುಳಿದವು ಸಣ್ಣವು: 'ಡಿಡ್ ನಾಟ್' ಆದಮೇಲೆ 'ವೆಂಟ್' ಅಲ್ಲ, 'ಗೋ'. ಅನುಭವಕ್ಕೆ 'ಐ ಹ್ಯಾವ್', 'ಆಮ್ ಹ್ಯಾವಿಂಗ್' ಅಲ್ಲ. 'ಡಿಸ್ಕಸ್' ಪಕ್ಕ 'ಅಬೌಟ್' ಬೇಡ. 'ಎ', 'ದ' ತಂಟೆಗೆ ನಾನು ಹೋಗಲೇ ಇಲ್ಲ. ಅವು ತಪ್ಪಿದರೂ ಹೇಳಿದ್ದು ಸಾಮಾನ್ಯವಾಗಿ ಅರ್ಥವಾಗುತ್ತದೆ.

ದಿನಾ ಸುಮಾರು ಇಪ್ಪತ್ತು ನಿಮಿಷ, ಎರಡು ತಿಂಗಳ ಹತ್ತಿರ ಹಿಡಿಯಿತು. ಉತ್ತರ ಉರು ಹೊಡೆಯಲಿಲ್ಲ. ಒಂದೇ ಪ್ರಶ್ನೆಗೆ ದಿನಕ್ಕೊಂದು ಥರ ಉತ್ತರ ಹೇಳಿದೆ, ಈ ನಾಲ್ಕು ಮಾತ್ರ ತಪ್ಪಬಾರದು ಅಂತ.

ನಡುವೆ ಒಂದು ವಾರ ಸುಮ್ನೆ ಸ್ಪೀಡಾಗಿ ಮಾತಾಡಿ ನೋಡಿದೆ. ತಪ್ಪು ದುಪ್ಪಟ್ಟಾದ ಹಾಗಿತ್ತು. ನಿಧಾನ ಮಾಡಿ, 'ವಿಚ್' ಹಾಕಿ ಸಾಲು ಎಳೆಯುವುದನ್ನು ಬಿಟ್ಟ ಮೇಲೆ ಅರ್ಧ ತಲೆನೋವು ಇಳಿಯಿತು.

ಮಾತಿನ ಮಧ್ಯೆ ತಪ್ಪಿದ್ದು ಗೊತ್ತಾದರೆ ಹೇಗೆ ಜಾರಿಕೊಳ್ಳೋದು? ಅದಕ್ಕೆ ನನ್ನದೊಂದು ಸಾಲಿದೆ. ಅದನ್ನು ಈಗಲೇ ಹೇಳಲ್ಲ. ಕೊನೆಯಲ್ಲಿ ನೀವೇ ಪ್ರಶ್ನೆ ಕೇಳುವಾಗ ಮಾತ್ರ ಹುಷಾರು: 'ಕ್ಯಾನ್ ಯೂ ಟೆಲ್ ಮಿ' ಅಂತ ಶುರು ಮಾಡಿದರೆ ಮುಂದೆ 'ವಾಟ್ ದ ಟೀಮ್ ಸೈಜ್ ಈಸ್' ಅನ್ನಬೇಕು, 'ವಾಟ್ ಈಸ್ ದ ಟೀಮ್ ಸೈಜ್' ಅಲ್ಲ.