ಪೆನ್ಶನ್ ಬಂದ ಮೇಲೆ, ಕೆಲಸ ಸಿಗುವ ತನಕ: ಕರಾವಳಿಯ ಮಾಜಿ ಸೈನಿಕರಿಗೆ

ಮಿಲಿಟ್ರಿಯಿಂದ ಪೆನ್ಶನ್ ಬಂದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದೇ. ಬೇರೆ ಕೆಲಸ ಸಿಗುವ ತನಕ ಸರಕಾರ ತಿಂಗಳಿಗೆ ಇಷ್ಟು ಅಂತ ಏನಾದರೂ ಕೊಡುತ್ತದೆಯೇ? ಕೊಡುವುದಿಲ್ಲ. ಅಮೆರಿಕದಲ್ಲಿ ಸೇನೆ ಬಿಟ್ಟವರಿಗೆ ನಿರುದ್ಯೋಗ ಭತ್ಯೆಯ ಪ್ರತ್ಯೇಕ ವ್ಯವಸ್ಥೆಯೇ ಇದೆ, ನಮ್ಮಲ್ಲಿ ಇಲ್ಲ. ರಾಜ್ಯದ ಯುವನಿಧಿಯ 3000 ರೂಪಾಯಿ ಈಚೆಗೆ ಪದವಿ ಮುಗಿಸಿ ಕೆಲಸ ಸಿಗದ ಹುಡುಗರಿಗೆ. ಅದರ ಹಿಂದೆ ಓಡಾಡಿ ದಿನ ಕಳೆಯಬೇಡಿ.

ನಿಮ್ಮ ಪಾಲಿಗೆ ಇರುವುದು ಉದ್ಯೋಗದಲ್ಲಿ ಮೀಸಲಾತಿ ಮತ್ತು ವಯಸ್ಸಿನ ಸಡಿಲಿಕೆ. ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಸರಕಾರಿ ಬ್ಯಾಂಕು ಮತ್ತು ಕೇಂದ್ರೋದ್ಯಮಗಳ ಗ್ರೂಪ್ ಸಿಯಲ್ಲಿ ಶೇ. 14.5, ಅಲ್ಲಿಯ ಗ್ರೂಪ್ ಡಿಯಲ್ಲಿ ಶೇ. 24.5. ರಾಜ್ಯ ಸರಕಾರದ ನೇರ ನೇಮಕಾತಿಯಲ್ಲಿ ಶೇ. 10. ಮಂಗಳೂರಿನವರಿಗೆ ಇದರ ಅರ್ಥ ಹೀಗೆ: ಕೆನರಾ ಬ್ಯಾಂಕಿನಲ್ಲಿ, ಎಂಆರ್‌ಪಿಎಲ್‌ನಲ್ಲಿ ನಿಮಗೆ ಮೀಸಲು ಸ್ಥಾನ ಉಂಟು. ಕರ್ನಾಟಕ ಬ್ಯಾಂಕ್ ಇದೇ ಊರಲ್ಲಿ ಹುಟ್ಟಿದ್ದಾದರೂ ಖಾಸಗಿ, ಅಲ್ಲಿ ಇಲ್ಲ.

ಈ ಮೀಸಲಾತಿ ಸಾಮಾನ್ಯವಾಗಿ ಒಂದೇ ಸಲ ನಡೆಯುತ್ತದೆ. ಯಾವ ಕೆಲಸಕ್ಕೆ ಮೊದಲು ಸೇರುತ್ತೀರಿ, ಸೇರಿದ ದಿನ ಯಾವ ಕಾಗದ ಕೊಡುತ್ತೀರಿ ಎನ್ನುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಅದಕ್ಕೆ ಮುಂದೆ ಬರೋಣ. ಮೊದಲು ಕಾಗದಪತ್ರ.

ಡಿಸ್ಚಾರ್ಜ್ ಬುಕ್

ಡಿಸ್ಚಾರ್ಜ್ ಬುಕ್ ತೆರೆದು, ಬಿಡುಗಡೆಯ ಕಾರಣ ಬರೆದ ಸಾಲನ್ನು ಓದಿ. ಪೆನ್ಶನ್ ಸಹಿತ ನಿವೃತ್ತಿ, ಸೇವೆಯಿಂದಾದ ಅಂಗವೈಕಲ್ಯದ ಕಾರಣಕ್ಕೆ ಬಿಡುಗಡೆ, ಅಥವಾ ಒಪ್ಪಿದ ಅವಧಿ ಮುಗಿಸಿ ಗ್ರಾಚ್ಯುಟಿಯೊಂದಿಗೆ ಬಿಡುಗಡೆ ಎಂದಿದ್ದರೆ ನೀವು ಮಾಜಿ ಸೈನಿಕರು. ಪೆನ್ಶನ್ನಿಗೆ ಅರ್ಹತೆ ಬರುವ ಮೊದಲೇ ಸ್ವಂತ ಕೋರಿಕೆಯ ಮೇಲೆ ಬಂದವರು ಮೀಸಲಾತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ದಳದಲ್ಲಿದ್ದಾಗ ಯಾರೋ 'ಏನೂ ತೊಂದರೆಯಿಲ್ಲ' ಎಂದಿದ್ದರು ಎಂಬ ಮಾತು ದಾಖಲೆ ಪರಿಶೀಲನೆಯ ಮೇಜಿನಲ್ಲಿ ನಡೆಯದು.

ಆಮೇಲೆ ಹೆಸರು. ನಮ್ಮ ಕಡೆಯವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ, ಸೇನೆಯ ದಾಖಲೆಯಲ್ಲಿ ಅದನ್ನು ಬಿಡಿಸಿ ಬರೆದ ಉದ್ದ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರು ಮುಂದಕ್ಕೆ. ಪೂಜಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ಕಡೆ 'ಐ'ಯಲ್ಲಿ, ಇನ್ನೊಂದು ಕಡೆ 'ವೈ'ಯಲ್ಲಿ ಮುಗಿದರೂ ಕಂಪ್ಯೂಟರಿಗೆ ಅದು ಇಬ್ಬರು ಮನುಷ್ಯರು. ಹೆಂಡತಿಯ ಹೆಸರು, ಮಕ್ಕಳ ಜನ್ಮದಿನಾಂಕವನ್ನೂ ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಶನ್ ಪಾವತಿ ಆದೇಶ), ಆಧಾರ್ ಮೂರನ್ನೂ ಮುಂದಿಟ್ಟುಕೊಂಡು ಹೋಲಿಸಿ. ಇನ್ನೂ ಸೇವೆಯಲ್ಲಿದ್ದರೆ ಯೂನಿಟ್ಟಿನ ಕಚೇರಿಯಲ್ಲೇ ಪಾರ್ಟ್ 2 ಆರ್ಡರ್ (ವೈಯಕ್ತಿಕ ವಿವರಗಳನ್ನು ದಾಖಲಿಸುವ ಆದೇಶ) ಮಾಡಿಸಿ ಸರಿಪಡಿಸಿಕೊಳ್ಳಿ. ಊರಿಗೆ ಬಂದ ಮೇಲಾದರೆ ಅಫಿಡವಿಟ್, ಸೈನಿಕ ಕಲ್ಯಾಣ ಕಚೇರಿ, ರೆಕಾರ್ಡ್ ಆಫೀಸ್ ಅಂತ ತಿಂಗಳುಗಟ್ಟಲೆ ಎಳೆಯುತ್ತದೆ.

ಡಿಸ್ಚಾರ್ಜ್ ಬುಕ್ ಲ್ಯಾಮಿನೇಟ್ ಮಾಡಿಸಬೇಡಿ, ಮುಂದೆ ಅದರಲ್ಲಿ ನಮೂದು, ಮುದ್ರೆ ಬೀಳುವುದಿದೆ. ಹಾಗಂತ ಹಾಗೇ ಕಪಾಟಿನಲ್ಲಿಟ್ಟರೆ ಆಟಿ ತಿಂಗಳ ಮಳೆ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಸಿಕೊಳ್ಳಿ. ಕೊನೆಯ ವೇತನ ಪ್ರಮಾಣಪತ್ರವನ್ನೂ ಇದರ ಜೊತೆಗಿಡಿ. ಸರಕಾರಿ ಕೆಲಸ ಸಿಕ್ಕಿದಾಗ ವೇತನ ನಿಗದಿಗೆ ಅದನ್ನು ಕೇಳುತ್ತಾರೆ, ಆಗ ಹುಡುಕಿದರೆ ಸಿಗುವುದಿಲ್ಲ.

ಎರಡು ನೋಂದಣಿ

ಊರಿಗೆ ಬಂದ ಮೊದಲ ವಾರಗಳಲ್ಲೇ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮಂಗಳೂರು ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿ. ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರಗಳ ಮೂಲ ಮತ್ತು ನಕಲು ಎರಡೂ ಬೇಕು. ಕುಂದಾಪುರ, ಬೈಂದೂರು ಕಡೆಯವರು ಬಸ್ಸು ಹತ್ತುವ ಮೊದಲು ಫೋನ್ ಮಾಡಿ, ಆ ದಿನ ಸಂಬಂಧಪಟ್ಟವರು ಇರುತ್ತಾರೆಯೇ ಎಂದು ಕೇಳಿಕೊಳ್ಳಿ. ಉದ್ಯೋಗಕ್ಕಾಗಿ ಹೆಸರು ಬರೆಸುವುದು ಇಲ್ಲಿಯೇ ಬೇರೆ ನೋಂದಣಿ. ಗುರುತಿನ ಚೀಟಿ ಬಂತೆಂದ ಮಾತ್ರಕ್ಕೆ ಕೆಲಸದ ಪಟ್ಟಿಗೆ ಹೆಸರು ಸೇರಿತು ಎಂದುಕೊಳ್ಳಬೇಡಿ.

ಎರಡನೆಯದು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ. ಉಡುಪಿಯವರಿಗೆ ಅದು ಮಣಿಪಾಲದ ರಜತಾದ್ರಿಯಲ್ಲಿ. ನವೀಕರಣದ ದಿನಾಂಕವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ತಪ್ಪಿದರೆ ಹಿರಿತನ ಹೋಗುತ್ತದೆ.

ಜಾತಿ ಪ್ರಮಾಣಪತ್ರದ ವಿಷಯದಲ್ಲೂ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಬ್ಯಾಂಕು ಅಥವಾ ಕೇಂದ್ರದ ಹುದ್ದೆಗೆ ರಾಜ್ಯದ 2ಎ, 3ಬಿ ಪ್ರಮಾಣಪತ್ರ ಹಾಕಿದರೆ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ಬೇರೆಯಾಗಿ ತರಬೇಕು.

ವಯಸ್ಸಿನ ಲೆಕ್ಕ

ಕೇಂದ್ರದ ಲೆಕ್ಕ ಹೀಗೆ: ಈಗಿನ ವಯಸ್ಸಿನಿಂದ ಸೇನೆಯಲ್ಲಿದ್ದ ವರ್ಷಗಳನ್ನು ಕಳೆಯಿರಿ. ಉಳಿದದ್ದು, ಹುದ್ದೆಯ ಗರಿಷ್ಠ ವಯೋಮಿತಿಗಿಂತ 3 ವರ್ಷಕ್ಕಿಂತ ಹೆಚ್ಚು ಮೇಲೆ ಹೋಗಬಾರದು. ಹುದ್ದೆಯ ಮಿತಿ 27 ಇದೆ ಎನ್ನೋಣ. 38 ವಯಸ್ಸು, 17 ವರ್ಷ ಸೇವೆ: ಉಳಿಯುವುದು 21, ಆರಾಮ. 45 ವಯಸ್ಸು, 15 ವರ್ಷ ಸೇವೆ: ಉಳಿಯುವುದು 30, ಅಂಚಿನಲ್ಲಿದ್ದೀರಿ. ಮನೆಯಲ್ಲಿ ಕೂತ ಪ್ರತಿ ವರ್ಷವೂ ಈ ಲೆಕ್ಕಕ್ಕೆ ಸೇರುತ್ತದೆ. ತೋಟ ನೋಡಿಕೊಂಡು, ಮನೆ ಕಟ್ಟಿ ಮುಗಿಸಿ ಆಮೇಲೆ ಅರ್ಜಿ ಹಾಕೋಣ ಎಂದವರು ಕಳೆದುಕೊಳ್ಳುವುದು ಇದನ್ನೇ. ಬ್ಯಾಂಕ್ ಕ್ಲರ್ಕ್ ಹುದ್ದೆಗೆ, ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಯಲ್ಲಿ 50 ವರ್ಷದ ಮೇಲ್ಮಿತಿಯೂ ಇರುತ್ತದೆ.

ಪದವಿ ಇಲ್ಲವೆಂದು ಹಿಂಜರಿಯಬೇಕಿಲ್ಲ. ಮೆಟ್ರಿಕ್ ಪಾಸಾಗಿ, ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದು 15 ವರ್ಷ ಸೇವೆ ಮುಗಿಸಿದವರು ಕ್ಲರ್ಕ್ ಹುದ್ದೆಗೆ ಅರ್ಹರು. ಆದರೆ ಇಂಜಿನಿಯರಿಂಗ್, ನರ್ಸಿಂಗ್‌ನಂಥ ವೃತ್ತಿಪರ ಅರ್ಹತೆ ಕೇಳುವಲ್ಲಿ ಇದು ನಡೆಯದು. ಸೇವೆ ಮುಗಿಯಲು ಒಂದು ವರ್ಷದೊಳಗಿದ್ದರೆ, ಕಮಾಂಡಿಂಗ್ ಆಫೀಸರ್ ಕೊಡುವ ಪ್ರಮಾಣಪತ್ರದೊಂದಿಗೆ ಸಮವಸ್ತ್ರದಲ್ಲಿರುವಾಗಲೇ ಅರ್ಜಿ ಹಾಕಬಹುದು. ಹಾಗೆ ಮಾಡಿದವರೇ ಜಾಣರು.

ಸೇರುವ ದಿನದ ಕಾಗದ

ಮೀಸಲಾತಿಯಲ್ಲಿ ಒಂದು ಸರಕಾರಿ ಕೆಲಸಕ್ಕೆ ಸೇರಿದರೆ, ಕೇಂದ್ರದ ನಿಯಮದಂತೆ ಮುಂದಿನ ಹುದ್ದೆಗೆ ಮಾಜಿ ಸೈನಿಕ ಮೀಸಲಾತಿ ಮುಗಿಯಿತು. ಆದರೆ 2014ರ ಆದೇಶವೊಂದು ಬಾಗಿಲು ತೆರೆದಿಟ್ಟಿದೆ: ಸೇರುವುದಕ್ಕೆ ಮೊದಲೇ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ದರೆ, ಆ ಹುದ್ದೆಗಳಿಗೆ ಮೀಸಲಾತಿ ಉಳಿಯುತ್ತದೆ. ಷರತ್ತು ಏನೆಂದರೆ, ಸೇರಿದ ಕೂಡಲೇ ಯಾವ ಹುದ್ದೆಗೆ ಯಾವ ದಿನಾಂಕದಂದು ಅರ್ಜಿ ಹಾಕಿದ್ದೀರಿ ಎಂಬ ಪಟ್ಟಿಯನ್ನು ಸ್ವಯಂ ಘೋಷಣೆಯ ರೂಪದಲ್ಲಿ ಕಚೇರಿಗೆ ಕೊಡಬೇಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸಹಿ, ಸೀಲು, ದಿನಾಂಕ ಹಾಕಿಸಿ ಮನೆಯಲ್ಲಿಡಿ. ಆರು ತಿಂಗಳ ಬಳಿಕ ದೊಡ್ಡ ಹುದ್ದೆಯ ಫಲಿತಾಂಶ ಬಂದಾಗ ಇದನ್ನು ಕೊಡಲು ಹೋದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಡಿಸ್ಚಾರ್ಜ್ ಆದ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಅರ್ಜಿ ಸಂಖ್ಯೆ, ದಿನಾಂಕ ಬರೆದಿಡಿ.

ಗುತ್ತಿಗೆ ಅಥವಾ ತಾತ್ಕಾಲಿಕ ಕೆಲಸಕ್ಕೆ ಈ ಭಯ ಬೇಡ. ಅಪಾರ್ಟ್‌ಮೆಂಟಿನಲ್ಲೋ ಆಸ್ಪತ್ರೆಯಲ್ಲೋ ಸೆಕ್ಯುರಿಟಿ ಕೆಲಸ ಮಾಡುತ್ತ ಪರೀಕ್ಷೆಗೆ ಓದಬಹುದು.

ಆ ನಡುವಿನ ತಿಂಗಳುಗಳ ದುಡ್ಡು

ಗ್ರಾಚ್ಯುಟಿ, ರಜೆ ನಗದೀಕರಣ, ಭವಿಷ್ಯನಿಧಿ, ಗುಂಪು ವಿಮೆ ಎಲ್ಲ ಒಟ್ಟಿಗೆ ಬಂದಾಗ ಖಾತೆ ತುಂಬಿದಂತೆ ಕಾಣುತ್ತದೆ. ಅದರಲ್ಲಿ ಒಂದು ವರ್ಷದ ಮನೆಖರ್ಚನ್ನು ಬೇರೆ ತೆಗೆದಿಟ್ಟು ಮಿಕ್ಕಿದ್ದರ ಬಗ್ಗೆ ಯೋಚಿಸಿ. ಕಮ್ಯುಟೇಶನ್ (ಪೆನ್ಶನ್ನಿನ ಒಂದು ಭಾಗವನ್ನು ಮುಂಚಿತವಾಗಿ ಇಡಿಗಂಟಾಗಿ ತೆಗೆದುಕೊಳ್ಳುವುದು) ಪಡೆದವರು ತಿಂಗಳ ಪೆನ್ಶನ್ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿ. ಮೂಲ ಪೆನ್ಶನ್ 20,000 ಇದ್ದು ಅರ್ಧ ಕಮ್ಯೂಟ್ ಮಾಡಿದರೆ 15 ವರ್ಷ ಕೈಗೆ ಬರುವ ಮೂಲ ಪೆನ್ಶನ್ 10,000. ತುಟ್ಟಿ ಪರಿಹಾರ ಮಾತ್ರ ಪೂರ್ತಿ 20,000ದ ಮೇಲೆ ಲೆಕ್ಕವಾಗುತ್ತದೆ. ಸೇನಾ ಪೆನ್ಶನ್ನಿನ ಸ್ಪರ್ಶ್ ಪೋರ್ಟಲಿನಲ್ಲಿ ವರ್ಷಕ್ಕೊಮ್ಮೆ ಜೀವನ್ ಪ್ರಮಾಣ್ (ಬದುಕಿದ್ದೀರಿ ಎಂಬ ಪ್ರಮಾಣಪತ್ರ) ಕೊಡಲು ಮರೆತರೆ ಪೆನ್ಶನ್ನೇ ನಿಲ್ಲುತ್ತದೆ.

ಖಾಸಗಿ ಕೆಲಸಕ್ಕೆ ಸೇರುವಾಗ ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ನಂಬರ್ ಕೇಳಿ ಪಡೆಯಿರಿ. ತಿಂಗಳ ಸಂಬಳ 21,000ದೊಳಗಿದ್ದರೆ ಇಎಸ್‌ಐ ಕಡ್ಡಾಯ. ಭತ್ಯೆ ಎನ್ನಬಹುದಾದದ್ದು ನಮ್ಮಲ್ಲಿ ಇರುವುದು ಇಲ್ಲೇ: ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಕನಿಷ್ಠ 2 ವರ್ಷ ವಿಮೆಯಲ್ಲಿದ್ದು ಕೆಲಸ ಕಳೆದುಕೊಂಡವರಿಗೆ, ಜೀವಮಾನದಲ್ಲಿ ಒಮ್ಮೆ, ಗರಿಷ್ಠ 90 ದಿನ, ಸರಾಸರಿ ದಿನಗೂಲಿಯ ಅರ್ಧ. ದುರ್ನಡತೆಗೆ ತೆಗೆದುಹಾಕಿದ್ದರೆ ಸಿಗದು. ಯೋಜನೆಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ. ಅರ್ಜಿ ಹಾಕುವ ದಿನ ಜಾರಿಯಲ್ಲಿದೆಯೇ ಎಂದು ಇಎಸ್‌ಐ ಶಾಖೆಯಲ್ಲಿ ಕೇಳಿ. ಸಂಬಳದಿಂದ ಇಎಸ್‌ಐ ಕಡಿದು ಕಟ್ಟದೆ ಇರುವ ಏಜೆನ್ಸಿಗಳೂ ಇವೆ. ಮೂರು ತಿಂಗಳಿಗೊಮ್ಮೆ ಪೋರ್ಟಲಿನಲ್ಲಿ ನೋಡಿಕೊಳ್ಳದಿದ್ದರೆ ಅದು ಗೊತ್ತಾಗುವುದು ಕೆಲಸ ಹೋದ ಮೇಲೆ.

ಅಗ್ನಿವೀರರ ದಾರಿ ಬೇರೆ. 4 ವರ್ಷ ಮುಗಿಸಿ ಬರುವವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ತೆರಿಗೆಯಿಲ್ಲದೆ ಸಿಗುತ್ತದೆ. ಪೆನ್ಶನ್ ಇಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ಆದ್ದರಿಂದ ಮೇಲಿನ ಮಾಜಿ ಸೈನಿಕ ಮೀಸಲಾತಿಯ ಕಾಲಂಗೆ ಗುರುತು ಹಾಕಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅವರಿಗೆಂದೇ ಬೇರೆ ಮೀಸಲಾತಿಯೂ ವಯಸ್ಸಿನ ಸಡಿಲಿಕೆಯೂ ಇದೆ. ಮೊದಲ ತಂಡದವರಿಗೆ 5 ವರ್ಷ, ನಂತರದವರಿಗೆ 3 ವರ್ಷ. ಅರ್ಜಿಯಲ್ಲಿ 'ಮಾಜಿ ಅಗ್ನಿವೀರ' ಎಂಬ ಕಾಲಂ ಹುಡುಕಿ, ಹೊರಬರುವಾಗ ಸಿಗುವ ಕೌಶಲ ಪ್ರಮಾಣಪತ್ರವನ್ನು ಅದರ ಜೊತೆ ಲಗತ್ತಿಸಿ.